ಆರು ನಿಮಿಷದ ವೆನಿಲ್ಲಾ

"ಕಣ್ ಬುಟ್ಟು ನೋಡ್ಕ ಕಣವ್ವ ದೇವೀರಿ! ಇವತ್ತಿಂದ ಕಾಲ ಅನ್ನೋದು ನಿಮ್ಮಣ್ಣನ ಕೈಯಾಳು!"

ಹೊಂಬಾಳಯ್ಯ ಗೋಣಿತಾಟನ್ನು ಸರ್ರನೆ ಎಳೆದ. ಗಾಣದಕೊಪ್ಪಲಿನ ಹಾಲಿನ ಡೈರಿಯ ಅಂಗಳದಲ್ಲಿ, ಬೆಳಗಿನ ಬಿಸಿಲಿಗೆ ಅದು ಫಳಫಳ ಹೊಳೆಯಿತು. ಕೆಟ್ಟ ವಾಷಿಂಗ್ ಮಷೀನಿನ ಹೊಟ್ಟೆ, ಅದರ ಬೆನ್ನಿಗೆ ಐದು ಎಚ್‌ಪಿ ಪಂಪ್‌ಸೆಟ್ ಮೋಟಾರು, ಮೈತುಂಬ ತಾಮ್ರದ ತಂತಿ, ಬಾಗಿಲಿನ ಅಂಚಿಗೆ ಮದುವೆಮನೆ ಕುಕ್ಕರಿನ ಹಳೇ ರಬ್ಬರು. ಮೂವತ್ತು ವರ್ಷದಿಂದ ಸುತ್ತಲ ಊರುಗಳ ಸುಟ್ಟ ಮೋಟಾರುಗಳಿಗೆಲ್ಲ ತಂತಿ ಸುತ್ತಿ ಜೀವ ಕೊಟ್ಟವನು ಹೊಂಬಾಳಯ್ಯ. ಮೋಟಾರು ಸುಡದ ಮಳೆಗಾಲದಲ್ಲಿ ಕೈ ಖಾಲಿಯಾಗುತ್ತಿತ್ತು. ಆಗ ಹುಟ್ಟುತ್ತಿದ್ದವು ಇಂಥ ಯಂತ್ರಗಳು.

"ಏನಣ್ಣಯ್ಯ ಇದು? ಬಟ್ಟೆ ಒಗಿಯದಾ?"

"ಕಾಲನೂಕು ಯಂತ್ರ! ಆರು ತಿಂಗಳ ಆರೇ ನಿಮಿಸಕ್ಕೆ ನೂಕ್ಬುಡ್ತದೆ."

"ನೀನು ಹುಟ್ಟಿದಾಗ್ಲಿಂದ ಕಾಲ ನೂಕ್ಕಂಡೇ ಬಂದೋನು. ಅದಕ್ಕೊಂದು ಯಂತ್ರ ಬೇರೆ!"

ಹೊಂಬಾಳಯ್ಯ ಆಗಷ್ಟೇ ಹೆಚ್ಚಿ ಉಪ್ಪು ಬೆರೆಸಿದ ನಿಂಬೆಹಣ್ಣಿನ ಜಾಡಿಯನ್ನು ಒಳಗಿಟ್ಟು ಬಾಗಿಲು ಜಡಿದ. ಮೋಟಾರು ಗುಯ್ ಎಂದಿತು. ಆರು ನಿಮಿಷ ಕಳೆದು ಜಾಡಿ ತೆಗೆದರೆ ಹೋಳೆಲ್ಲ ಕೆಂಪಗೆ ಮಾಗಿ, ರಸದಲ್ಲಿ ಮೈಮರೆತು ಮಲಗಿವೆ! ದೇವೀರಮ್ಮ ಒಂದು ಹೋಳನ್ನು ನಾಲಗೆಗಿಟ್ಟುಕೊಂಡಳು. ಕಣ್ಣು ತಾನಾಗಿ ಮುಚ್ಚಿತು.

"ಅಯ್ಯೋ ನನ್ನಪ್ಪ! ಅಣ್ಣಯ್ಯ, ನನ್ನ ಬಾಟ್ಲಿ ಇಡು ಬೇಗ!"

ಅವಳ ಆತುರಕ್ಕೆ ಕಾರಣವಿತ್ತು. ಡೈರಿಗೆ ಅಂಟಿಕೊಂಡ ಹಿಂಡಿ-ಬೂಸಾದ ಕೋಣೆ ಖಾಲಿಯಾಗಿ ಮೂರು ತಿಂಗಳಾಗಿತ್ತು. ಎರಡು ವರ್ಷದಿಂದ ಬಸ್‌ಸ್ಟಾಪಿನ ಬಿಸಿಲಲ್ಲಿ ನಿಂತು ಐಸ್‌ಕ್ರೀಮ್ ಮಾರುತ್ತಿದ್ದ ದೇವೀರಮ್ಮನಿಗೆ ಆ ಕೋಣೆಯ ಮೇಲೆ ಪ್ರಾಣ. ಆದರೆ ಹಾಲಿನ ಸಂಘದ ಅಧ್ಯಕ್ಷ ಬೋರಲಿಂಗೇಗೌಡ ಅಲ್ಲಿ ತನ್ನ ಬಾಮೈದನಿಂದ ಜೆರಾಕ್ಸ್ ಅಂಗಡಿ ಇಡಿಸಬೇಕೆಂದಿದ್ದ. "ನಿನ್ನ ಐಸ್‌ಕ್ರೀಮು ಸೋಪಿನ ವಾಸ್ನೆ ಹೊಡೀತದೆ ಕಣಮ್ಮ" ಎಂದು ಎಲ್ಲರ ಮುಂದೆ ಅಂದುಬಿಟ್ಟಿದ್ದ. ಕೊನೆಗೆ ಒಂದು ಷರತ್ತು ಹಾಕಿದ: ಭಾನುವಾರ ಸಂಘದ ವಾರ್ಷಿಕ ಸಭೆ. ಅವತ್ತು ಅವಳ ಐಸ್‌ಕ್ರೀಮನ್ನು ಸದಸ್ಯರು ಮೆಚ್ಚಿ ಕೈ ಎತ್ತಿದರೆ ಕೋಣೆ ಅವಳಿಗೆ.

ವಾಸನೆ ಆ ಅಗ್ಗದ ಎಸೆನ್ಸಿನದು ಎಂದು ದೇವೀರಮ್ಮನಿಗೂ ಗೊತ್ತಿತ್ತು. ಫೋನು ತೆಗೆದಳು, ಅಸಲಿ ವೆನಿಲ್ಲಾ ಕಾಯಿ ಹುಡುಕಿದಳು, ಹಲ್ಲು ಕಚ್ಚಿ ಆರ್ಡರ್ ಒತ್ತಿದಳು. ನಾಲ್ಕನೇ ದಿನ ಬಂದ ಪೊಟ್ಟಣ ಎಲೆಅಡಿಕೆ ಚೀಲದಷ್ಟೂ ಇರಲಿಲ್ಲ. ಒಳಗೆ ಹತ್ತೇ ಕಾಯಿ, ಸುಟ್ಟ ಹುರುಳಿಕಾಯಿಯಂತೆ ಕಪ್ಪಗೆ! ಆದರೆ ಪ್ಲಾಸ್ಟಿಕ್ಕು ಹರಿದದ್ದೇ ತಡ, ಆ ಪರಿಮಳ! ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, "ಏನವ್ವ ದೇವೀರಿ, ಮನೇಲಿ ಸೀಮಂತವಾ?" ಎಂದು ಕೇಳಿದ್ದರು.

ಜೊತೆಗೊಂದು ಚೀಟಿಯೂ ಇತ್ತು. ಕಾಯಿಯನ್ನು ಉದ್ದಕ್ಕೆ ಸೀಳಿ ಮದ್ಯದಲ್ಲಿ ಮುಳುಗಿಸಿಡಿ. ಆರು ತಿಂಗಳು ಕಾಯಿರಿ. ಸಭೆಗೆ ಉಳಿದದ್ದು ನಾಲ್ಕು ದಿನ!

ಮದ್ಯ ತರಲು ಅಣ್ಣನನ್ನೇ ಕಳಿಸಿದ್ದಳು. ಬಾಟಲಿ ಬಂದ ಕೂಡಲೇ, ಹುಟ್ಟಿದಾಗಿನಿಂದ ಡೈರಿಗೆ ಹಾಲು ಹಾಕಿದ ಅಭ್ಯಾಸ, ಹಾಲು ನೀರಾದಷ್ಟೂ ಮುಳುಗುವ ಲ್ಯಾಕ್ಟೋಮೀಟರನ್ನು ಅದರೊಳಗೆ ಇಳಿಬಿಟ್ಟಳು. ಅದು ಕಲ್ಲಿನಂತೆ ತಳ ಮುಟ್ಟಿತು.

"ಕುಡಿದು ನೀರು ಬೆರೆಸಿದ್ದೀಯ! ಪೂರ್ತಿ ನೀರು ಕಣೋ ಇದು!"

"ಅಯ್ಯೋ ಮಂಕೇ, ಅದೇನು ಎಮ್ಮೆ ಕರೆದದ್ದಾ? ಹೆಂಡಕ್ಕೆ ಡಿಗ್ರಿ ಹಾಕ್ತಾಳೆ ನೋಡು!"

ಆ ಜಗಳದ ನಡುವೆಯೇ ಹೊಂಬಾಳಯ್ಯನ ತಲೆಗೆ ಈ ಯಂತ್ರ ಹೊಳೆದದ್ದು. ಯಂತ್ರಕ್ಕೆ ತ್ರೀ ಫೇಸ್ ಕರೆಂಟೇ ಬೇಕು. ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕಿನ ದೆಸೆಯಿಂದ ಡೈರಿಯಲ್ಲಿ ಅದು ದಿನವಿಡೀ ಇರುತ್ತದೆ. ಹಾಗಾಗಿ ಸಭೆಯ ದಿನವೇ ಅದನ್ನು ಎತ್ತಿನಗಾಡಿಯಲ್ಲಿ ಹೇರಿ ತಂದಿದ್ದರು.

ಕಾಯಿ ಸೀಳಿ ಮುಳುಗಿಸಿದ್ದ ಬಾಟಲಿ ಒಳಗೆ ಹೋಯಿತು. ದೇವೀರಮ್ಮ ಸೆರಗು ಕಚ್ಚಿಕೊಂಡು ನಿಂತಳು. ಆರು ನಿಮಿಷಕ್ಕೆ ಬಾಗಿಲು ತೆರೆದರೆ ನೀರಿನಂತಿದ್ದದ್ದು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿದೆ! ಅರ್ಧವನ್ನು ಐಸ್‌ಕ್ರೀಮ್ ಡ್ರಮ್ಮಿನ ಹಾಲಿಗೆ ಸುರಿದು, ಸುತ್ತ ಮಂಜುಗಡ್ಡೆ, ಉಪ್ಪು ತುಂಬಿ ಹಿಡಿ ತಿರುಗಿಸತೊಡಗಿದಳು. ಬಂದು ಕುಳಿತ ಸದಸ್ಯರ ಮೂಗುಗಳೆಲ್ಲ ಒಂದೇ ದಿಕ್ಕಿಗೆ ತಿರುಗಿದವು. ಅಧ್ಯಕ್ಷನ ಮುಖ ಮಾತ್ರ ಹುಳ್ಳಗಾಯಿತು.

ಆಗ ಬೀಸಿತು ನೋಡಿ ಆಷಾಢದ ಗಾಳಿ! ಲೈನಿನ ತಂತಿಗಳು ತಾಗಿ ಕರೆಂಟು ರೆಪ್ಪೆ ಬಡಿದಷ್ಟು ಹೊತ್ತು ಹೋಗಿ ಬಂತು. ಟಕ್ಕ್! ಯಂತ್ರ ತಾನಾಗಿ ಗುಯ್ ಎಂದಿತು.

"ಯಾಕಣ್ಣಯ್ಯ ಮತ್ತೆ ಓಡ್ತಾ ಅದೆ?"

"ಆಟೋ ಸ್ಟಾರ್ಟರ್ ಹಾಕಿವ್ನಿ ಕಣವ್ವ. ಕರೆಂಟು ಹೋಗಿ ಬಂದ್ರೆ ತಾನೇ ಎದ್ದೋಡ್ತದೆ. ಗದ್ದೆ ಮೋಟ್ರುಗೆ ಹಾಕಲ್ವಾ?"

"ಇದೇನು ಗದ್ದೇನಾ? ಆಫ್ ಮಾಡು!"

"ಆಫ್ ಬಟನ್ ಇಟ್ಟಿಲ್ಲ. ಇಟ್ರೆ ಯಾರಾದ್ರೂ ಆಫ್ ಮಾಡ್ಬುಡ್ತಾರೆ ಅಂತ."

ಮಾತು ಮುಗಿಯುವಷ್ಟರಲ್ಲಿ ಹೊಂಬಾಳಯ್ಯನ ನುಣ್ಣನೆಯ ಗಲ್ಲದಿಂದ ಗಡ್ಡ ಹೊರಟು ಎದೆಗಿಳಿಯಿತು! ಎರಡು ಸಲ ಓಡಿದ್ದಕ್ಕೇ ಬಾಗಿಲಿನ ಹಳೇ ರಬ್ಬರಿಗೂ ವಯಸ್ಸಾಗಿ ಬಿರುಕು ಬಿಟ್ಟಿತ್ತು. ಒಳಗಿನ ಕಾಲ ಸಂದಿಯಿಂದ ಸೋರುತ್ತಿತ್ತು.

ಮತ್ತೆ ಗಾಳಿ, ಮತ್ತೆ ಟಕ್ಕ್! ಸೋರಿಕೆ ಇನ್ನಷ್ಟು ದೂರ ಹರಿಯಿತು. ಕರು ಪ್ರದರ್ಶನದ ಬಹುಮಾನಕ್ಕೆಂದು ಬೇವಿನ ಮರಕ್ಕೆ ಕಟ್ಟಿದ್ದ ಕರು ನೋಡನೋಡುತ್ತಿದ್ದಂತೆ ಕಡಸಾಯಿತು. ಇನ್ನೆರಡು ಸುತ್ತಿಗೆ ತುಂಬಿದ ಗಬ್ಬ. ಮರುಸುತ್ತಿಗೆ, ಯಾರ ಕೃಪೆಯೋ, ಪಕ್ಕದಲ್ಲಿ ಇನ್ನೊಂದು ಕರು ನಿಂತು ಅಂಬಾ ಎಂದಿತು.

"ಇನಾಮು ಇವಾಗ ಕರುಗಾ, ಕರು ಕರುಗಾ?" ಎಂದು ಯಾರೋ ಎದ್ದು ಕೇಳಿದರು.

ದೇವೀರಮ್ಮನಿಗೆ ಕರುವಿನ ಚಿಂತೆಯಲ್ಲ. ಆರು ತಿಂಗಳು ತಗುಲಿದರೆ ಡ್ರಮ್ಮಿನ ಹಾಲು ಏನಾದೀತು! ಟಕ್ಕ್ ಎಂದಾಗಲೆಲ್ಲ ಡ್ರಮ್ಮನ್ನು ಹತ್ತು ಮಾರು ಎಳೆದುಕೊಂಡು ಓಡುವುದು, ನಿಲ್ಲಿಸಿ ಗರಗರ ತಿರುಗಿಸುವುದು. ಮತ್ತೆ ಟಕ್ಕ್, ಮತ್ತೆ ಓಟ. ಬೆನ್ನ ಹಿಂದೆಯೇ ಕಾಲ ಅಟ್ಟಿಸಿಕೊಂಡು ಬರುತ್ತಿತ್ತು. ಹೆಂಗಸರೆಲ್ಲ ಅವಳ ಜೊತೆ ಡ್ರಮ್ಮಿಗೆ ಕೈ ಹಾಕಿ ಗೇಟಿನಾಚೆ ಸೇರಿದರು.

ಗಂಡಸರು ಓಡಬೇಕಲ್ಲ! ಐವತ್ತಾರು ದಾಟಿದವರು ಕುರ್ಚಿಯನ್ನು ಯಂತ್ರದ ಹತ್ತಿರಕ್ಕೇ ಎಳೆದುಕೊಳ್ಳುತ್ತಿದ್ದರು.

"ಥೂ, ಎದ್ದು ಬರ್ರೋ ಈಚ್ಗೆ!" ಎಂದು ದೇವೀರಮ್ಮ ಕೂಗಿದಳು.

"ಸುಮ್ನಿರವ್ವ, ಇನ್ನೆರಡು ಸುತ್ತಿಗೆ ಅರವತ್ತು ತುಂಬ್ತದೆ. ಪಿಂಚಣಿ ಬತ್ತದೆ!"

"ಸೆಕ್ರೆಟ್ರಿಗಳೇ, ಮೇನ್ ಸ್ವಿಚ್ಚಾದ್ರೂ ತೆಗೀರಿ!"

ಕಾರ್ಯದರ್ಶಿ ಸದಾಶಿವಾರಾಧ್ಯರು ಮೇಜು ಬಿಟ್ಟು ಅಲ್ಲಾಡಲಿಲ್ಲ. ಕೈಯ ಉಗುರು ಪೆನ್ನಿಗಿಂತ ಉದ್ದ ಬೆಳೆದಿತ್ತು. "ಟ್ಯಾಂಕಿನಲ್ಲಿ ಹಾಲಿದೆಯಮ್ಮ. ಮೇನ್ ತೆಗೆಯಬೇಕಾದರೆ ಠರಾವು ಆಗಬೇಕು. ಠರಾವಿಗೆ ಅಧ್ಯಕ್ಷರು ಒಪ್ಪಬೇಕು."

ಅಧ್ಯಕ್ಷ ಒಪ್ಪುವನೇ? ನೆರೆತ ಮೀಸೆ ತಿರುವುತ್ತ ಎದ್ದು ನಿಂತ. "ಸಭೆ ಹಾಳು ಮಾಡಿದ ಮನೆಯೋರಿಗೆ ಕೋಣೆ ಇಲ್ಲ! ಕೋಣೆ ನಮ್ಮ ಬಾಮೈದನಿಗೆ ಅಂತ ಬರ್ಕಳಿ ಆರಾಧ್ಯರೇ!"

ಗೇಟಿನಾಚೆ ದೇವೀರಮ್ಮನ ಕೈ ಹಿಡಿಯ ಮೇಲೇ ನಿಂತುಬಿಟ್ಟಿತು. ಡ್ರಮ್ಮಿನೊಳಗೆ ಐಸ್‌ಕ್ರೀಮು ಆಗತಾನೇ ಗಟ್ಟಿಯಾಗಿತ್ತು, ನುಣ್ಣಗೆ, ಹಬೆಯಾಡುವಷ್ಟು ತಣ್ಣಗೆ. ಇಷ್ಟು ದೂರ ಎಳೆದು ತಂದದ್ದು ಇದಕ್ಕೇನಾ?

ಆರಾಧ್ಯರು ಬರೆಯಲಿಲ್ಲ. ಬೈಲಾ ಪುಸ್ತಕ ತೆಗೆದರು. ಕರುವನ್ನೂ ಅದರ ಕರುವನ್ನೂ ಹೊಂಬಾಳಯ್ಯನ ಗಡ್ಡವನ್ನೂ ಒಂದೊಂದಾಗಿ ನೋಡಿ ಬೆರಳು ಮಡಚಿದರು.

"ಸೋರಿಕೆ ಶುರುವಾದ ಮೇಲೆ ಒಂಬತ್ತು ಸುತ್ತು. ಅಂದರೆ ನಾಲ್ಕೂವರೆ ವರ್ಷ. ತಾವು ಅಧಿಕಾರಕ್ಕೆ ಬಂದು ಆಗಲೇ ಒಂದು ವರ್ಷವಾಗಿತ್ತು. ಅಧ್ಯಕ್ಷರ ಅವಧಿ ಐದು ವರ್ಷ. ಮುಗಿಯಿತು ಸ್ವಾಮಿ."

"ಏನ್ರೀ ಅದು ಮುಗಿಯದು? ಬೆಳಿಗ್ಗೆ ತಾನೇ ಬಂದು ಕೂತಿವ್ನಿ!"

"ತಮ್ಮ ಮೀಸೆ ಹಾಗೆ ಹೇಳುತ್ತಿಲ್ಲ. ಹಸುವೂ ಹೇಳುತ್ತಿಲ್ಲ. ಹೊಸ ಚುನಾವಣೆಯವರೆಗೆ ಸದಸ್ಯರ ಮಾತೇ ಅಂತಿಮ."

ಸದಸ್ಯರಿಗೆ ನಾಲ್ಕೂವರೆ ವರ್ಷದ ಹಸಿವು! ಪಿಂಚಣಿಯವರೂ ಸೇರಿ ಗೇಟಿಗೆ ನುಗ್ಗಿದರು. ದೇವೀರಮ್ಮ ಕಪ್ಪಿಗೆ ಹಾಕಿದಳು, ಹಾಕಿದಳು, ಕೈ ಮರಗಟ್ಟುವವರೆಗೆ ಹಾಕಿದಳು. ಆಮೇಲೆ ಒಬ್ಬ ಮುದುಕ ಕಪ್ಪನ್ನೇ ನೆಕ್ಕಿ, "ಇದುವರ್ಗೂ ನಾವು ತಿಂತಿದ್ದುದು ಏನು ಹಂಗಾದ್ರೆ?" ಎಂದ. ಉದ್ದುದ್ದ ಉಗುರಿನ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಾಜಿ ಅಧ್ಯಕ್ಷನ ಕೈ ಏಳಲಿಲ್ಲ; ಅದು ಎರಡನೇ ಕಪ್ಪಿಗೆ ಚಾಚಿತ್ತು.

ಆರಾಧ್ಯರು ಒಳಗೆ ಕುಳಿತು ಹನ್ನೊಂದು ತಿಂಗಳ ಬಾಡಿಗೆ ಕರಾರು ಬರೆಯತೊಡಗಿದರು. ಅವರ ಅಕ್ಷರ ಮುತ್ತಿನಂತೆ; ವೇಗವೂ ಮುತ್ತು ಪೋಣಿಸಿದಂತೆ. ಅಷ್ಟರಲ್ಲಿ ಗಾಳಿ ಇನ್ನೆರಡು ಬಾರಿ ಬೀಸಿ ಯಂತ್ರ ಇನ್ನೆರಡು ಸುತ್ತು ಓಡಿತು. ಎರಡನೆಯದು ಮುಗಿಯುತ್ತಲೇ ಹೊಂಬಾಳಯ್ಯ ಗಡ್ಡವನ್ನು ಹೆಗಲಿಗೆ ಹಾಕಿಕೊಂಡು ನುಗ್ಗಿ, ಕೊನೆಗೂ ಸಿಕ್ಕಿದ ಕಟಿಂಗ್ ಪ್ಲೇಯರಿನಿಂದ ತಂತಿ ಕತ್ತರಿಸಿದ. ಮೋಟಾರು ಕೊನೆಯುಸಿರು ಬಿಟ್ಟು ತಣ್ಣಗಾಯಿತು.

ದೇವೀರಮ್ಮ ಓಡಿ ಬಂದು ಕರಾರಿಗೆ ಕೈಚಾಚಿದಳು. ಕಾಗದ ಆಗಲೇ ಹಳದಿಗಟ್ಟಿ ಅಂಚು ಮಡಚಿತ್ತು.

"ಅವಧಿ ಮುಗಿದಿದೆಯಮ್ಮ," ಎಂದರು ಆರಾಧ್ಯರು. "ಬರೆದು ಒಂದು ವರ್ಷವಾಯಿತು. ಕೋಣೆಯ ಬೀಗದಕೈ ವಾಪಸು ಕೊಡಿ."

"ಇನ್ನೂ ಕೊಟ್ಟೇ ಇಲ್ವಲ್ಲ ಸ್ವಾಮೀ!"

ಆರಾಧ್ಯರು ಯೋಚಿಸಿದರು. ಡ್ರಾಯರಿನಿಂದ ಬೀಗದಕೈ ತೆಗೆದು ಅವಳ ಅಂಗೈಗಿಟ್ಟರು. ಎರಡು ಉಸಿರಿನಷ್ಟು ಕಾದು ವಾಪಸು ಪಡೆದರು. ಕರಾರಿನ ನವೀಕರಣಕ್ಕೆ ಹೊಸ ಹಾಳೆ ತೆಗೆದು ಉಗುರನ್ನು ಆಚೆ ಸರಿಸಿಕೊಂಡು ಮೊದಲ ಸಾಲು ಬರೆದರು: "ಕಳೆದ ಹನ್ನೊಂದು ತಿಂಗಳಲ್ಲಿ ಬಾಡಿಗೆದಾರರ ನಡತೆ ತೃಪ್ತಿಕರವಾಗಿರುತ್ತದೆ."