ಮಾವನ ಫ್ರೆಂಚ್ ಕಪಾಟು

ರಂಗಂಪೇಟೆಯ ನನ್ನ ಸೋದರಮಾವ ಹಾವಿಗೆ ಹೆದರುವವನಲ್ಲ, ಚೇಳಿಗೂ ಅಲ್ಲ. ಆದರೆ ಮೊಳೆ ಕಂಡರೆ ಮುಗೀತು, ಮೈಮೇಲೆ ದೇವರು ಬಂದವರ ಹಾಗೆ ಆಡುತ್ತಾನೆ! "ಕಟ್ಟಿಗಿಗೆ ಇಂಜೆಕ್ಷನ್ ಮಾಡಾಕತ್ತೀಯೇನೋ?" ಎಂದು ಕಂಡಕಂಡ ಬಡಿಗರ ಜೊತೆ ರಸ್ತೆಯಲ್ಲೇ ಜಗಳ ತೆಗೆಯುತ್ತಾನೆ.

ಈ ಹುಚ್ಚು ಹತ್ತಿದ್ದು ಹೈದರಾಬಾದಿನಲ್ಲಿ. ಡ್ರಾಯಿಂಗ್ ಮಾಸ್ತರಿಕೆಯಿಂದ ನಿವೃತ್ತನಾದ ಹೊಸತರಲ್ಲಿ ಯಾರದೋ ಮದುವೆಗೆಂದು ಅಲ್ಲಿಗೆ ಹೋಗಿದ್ದ. ಬರುವಾಗ ಒಂದು ಕುಕ್ಕರ್ ತರಲು ಅತ್ತೆ ಹೇಳಿದ್ದಳು. ಮಾವ ತಂದದ್ದು ಒಂದು ಟೆಂಪೊ! ಅದರೊಳಗೆ, ಕೆಡವುತ್ತಿದ್ದ ಯಾವುದೋ ಹವೇಲಿಯ ಫ್ರೆಂಚ್ ಕಪಾಟು. ಬಾಗಿದ ಗಾಜು, ಹಿತ್ತಾಳೆಯ ಅಂಚು, ಕುದುರೆಮರಿಯಂಥ ಸಣಕಲು ಕಾಲು. ಬಾಗಿಲ ಮೇಲೆ ಬಣ್ಣಬಣ್ಣದ ಕಟ್ಟಿಗೆಯ ತೆಳು ಚೂರುಗಳನ್ನು ಕೂಡಿಸಿ ಮಾಡಿದ ಗುಲಾಬಿ. ಅದರಲ್ಲಿ ಅರ್ಧ ಉದುರಿಹೋಗಿತ್ತು.

"ಇದರಾಗ ಏನ್ ಇಡೂದ್ರಿ?" ಎಂದಳು ಅತ್ತೆ.

"ಏನೂ ಇಡೂದಲ್ಲ, ಬರೇ ನೋಡೂದು," ಎಂದ ಮಾವ.

ಅತ್ತೆ ನೋಡಿದಳು. ಕಪಾಟನ್ನಲ್ಲ, ಮಾವನನ್ನು!

ರಿಪೇರಿಯೂ ಫ್ರಾನ್ಸಿನವರು ಮಾಡಿದಂತೆಯೇ ಆಗಬೇಕಂತೆ. ಮೊಳೆ ಕೂಡದು, ಅಂಗಡಿಯ ಬಿಳಿ ಅಂಟೂ ಕೂಡದು. ಬೇಕಾದದ್ದು ಸರೇಸು, ಅಂದರೆ ಪ್ರಾಣಿಗಳ ತೊಗಲು, ಎಲುಬು ಕುದಿಸಿ ತೆಗೆದ ಅಂಟು. ಕೊರಳಲ್ಲಿ ಲಿಂಗವಿರುವ ಅತ್ತೆ ಗುಡಿಗೆ ಹೋದ ಹೊತ್ತು ನೋಡಿ ಮಾವ ಅವಳ ಒಲೆಯ ಮೇಲೆಯೇ ಅದನ್ನು ಕಾಸಲಿಕ್ಕಿಟ್ಟ. ವಾಸನೆ ಹಿಡಿದು ಪಕ್ಕದ ಮನೆಯ ದರ್ಜಿ ಚಾಚಾ ಓಡಿ ಬಂದರು.

"ಮಾಸ್ತರ್ರ, ಕುರಿಕಾಲಿನ ಪಾಯಾ ಮಾಡಾಕತ್ತೀರೇನ್ರಿ? ಅದೂ ನಿಮ್ಮ ಮನ್ಯಾಗ? ಭಾಳ ಖುಷಿ ಆತು ನೋಡ್ರಿ!"

ಕೈಯಲ್ಲಿ ಬಟ್ಟಲು ಬೇರೆ! ಅದೇ ಗಳಿಗೆಗೆ ಅತ್ತೆ ಗುಡಿಯಿಂದ ಬರಬೇಕೆ? ಅಂದಿನಿಂದ ಅಂಟು, ಒಲೆ, ಮಾವ ಮೂವರಿಗೂ ಹಿತ್ತಲಿಗೆ ವರ್ಗವಾಯಿತು.

ನಗಬೇಡಿ, ಕೆಲಸ ನೋಡಿದರೆ ನೀವೂ ಸುಮ್ಮನಾಗುತ್ತೀರಿ. ಹಲಗೆಗಳ ತುದಿಯನ್ನು ಹಲ್ಲುಹಲ್ಲಾಗಿ ಕೊರೆದು ಅವನು ಒಂದರೊಳಗೊಂದು ಕೂಡಿಸಿದರೆ ನಡುವೆ ಉಗುರು ತೂರುವುದಿಲ್ಲ. ಉದುರಿದ ಗುಲಾಬಿಯನ್ನು ಬೀಟಿ, ಬೇವು, ಸಾಗವಾನಿಯ ಚೂರುಗಳಲ್ಲಿ ದಳದಳವಾಗಿ ಮತ್ತೆ ಅರಳಿಸಿದ. ಬಿಸಿಲಿಗೆ ಅವು ಅಂಟು ಬಿಟ್ಟು ಏಳಬಾರದಲ್ಲ? ಬೇಸಿಗೆಯಿಡೀ ಕೂಲರ್ ಕಪಾಟಿಗೆ, ಬೀಸಣಿಕೆ ನಮಗೆ!

ಕೊನೆಗೆ ಒಂದೇ ದಳ ಉಳಿಯಿತು. ಅಷ್ಟರಲ್ಲಿ ವಯಸ್ಸಾಗಿ ಮಾವನ ಕೈ ನಡುಗತೊಡಗಿತ್ತು. ಸರೇಸು ಬೇಗ ಆರುತ್ತದೆ, ಬಿಸಿಯಿರುವಾಗಲೇ ದಳ ಕೂರಿಸಬೇಕು. ಮಾವ ಇಡುತ್ತಾನೆ, ಜಾರುತ್ತದೆ. ಮತ್ತೆ ಕಾಸುತ್ತಾನೆ, ಮತ್ತೆ ಜಾರುತ್ತದೆ. ಹೋದ ರವಿವಾರ ನನ್ನೆದುರೇ ಚಿಮಟ ಕೆಳಗಿಟ್ಟ.

"ಇನ್ನ ನನ್ನ ಕೈಲೆ ಆಗಂಗಿಲ್ಲ ಬಿಡೋ."

ಇಷ್ಟು ವರ್ಷದಲ್ಲಿ ಮಾವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಎದ್ದು ಬಂದಳು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮಾವನ ಪಕ್ಕದಲ್ಲಿ ಕುಳಿತಳು.

"ಕಾಸ್ರಿ ಇನ್ನೊಮ್ಮಿ."

ಅಂಟು ಕಾಯಿತು. ಅತ್ತೆ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ದಳ ಅಲುಗದೆ ತನ್ನ ಜಾಗದಲ್ಲಿ ಕುಳಿತಿತು. ಅದರ ಮೇಲೆ ಮಾವನ ಬೆರಳು, ಬೆರಳ ಮೇಲೆ ಅತ್ತೆಯ ಅಂಗೈ.

"ಆರೂತನಕ ಬಿಡಬ್ಯಾಡ," ಎಂದ ಮಾವ.

"ಬಿಡಂಗಿಲ್ರಿ," ಎಂದಳು ಅತ್ತೆ.

ಅಂಟು ಆರಿತು. ಇಬ್ಬರೂ ಕೈ ತೆಗೆಯಲಿಲ್ಲ. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತ್ತು. ನಾನೇ ಸದ್ದು ಮಾಡದೆ ಎದ್ದು ಹೋಗಿ ಮಗುಚಿದೆ.