ಮೀನಿನ ರಕ್ತವೂ ಅರ್ಚಕರ ಮಗಳೂ

ಮುಳಬಾಗಿಲಿನ ಅರ್ಚಕರ ಮನೆಯಲ್ಲಿ ಹುಟ್ಟಿದವಳು ಮೀನಿನ ರಕ್ತದ ಮೇಲೆ ಸಂಶೋಧನೆಗೆ ಕೂತರೆ ಏನೇನಾಗಬೇಕೋ ಅದೆಲ್ಲ ನನಗೆ ಆಗಿದೆ. ತೊಂಬತ್ತರ ದಶಕದ ಕೊನೆ. ಬೆಂಗಳೂರಿನ ಲ್ಯಾಬಿನಲ್ಲಿ ನನ್ನ ಕೆಲಸ ಬೆರಳುದ್ದವೂ ಇಲ್ಲದ ಪಟ್ಟೆ ಮೀನುಗಳ ಜೊತೆ. ಅವುಗಳ ಮರಿಗಳು ಗಾಜಿನ ಹಾಗೆ. ಮೈಯೊಳಗೆ ರಕ್ತ ಓಡುವುದು ಹೊರಗೇ ಕಾಣುತ್ತದೆ.

ಮನೆಯ ಜೀನು

ರಜೆಗೆ ಬಂದಾಗ ಅಜ್ಜಿ ಕೇಳಿದರು, "ಅದೇನೇ ನೀನು ಓದೋದು?"

"ರಕ್ತದ ಎಳೇ ಕಣಕ್ಕೆ 'ನೀನು ಕೆಂಪಾಗು' ಅಂತ ಅಪ್ಪಣೆ ಕೊಡೋ ಒಂದು ಜೀನು ಇದೆ ಅಜ್ಜಿ. ಅದು ತಾನಾಗಿ ಏನೂ ಮಾಡಲ್ಲ. ಬೇರೆ ಜೀನುಗಳ ಕೈಲಿ ಕೆಲಸ ಮಾಡಿಸುತ್ತೆ."

ಅಜ್ಜಿ ಈಜಿಚೇರಿನಲ್ಲಿ ಕೂತು ಮೂರನೇ ಸಲ ಕಾಫಿ ಕೇಳುತ್ತಿದ್ದ ತಾತನ ಕಡೆ ನೋಡಿದರು. "ನಮ್ಮನೇಲೂ ಒಂದಿದೆ."

"ಆದ್ರೆ ಅದು ಇಲ್ದಿದ್ರೆ ರಕ್ತಕ್ಕೆ ಬಣ್ಣಾನೇ ಬರಲ್ಲ ಅಜ್ಜಿ."

"ಅಷ್ಟು ಉಪಯೋಗಕ್ಕೆ ಬರುತ್ತಾ? ಹಾಗಾದ್ರೆ ಅದು ಬೇರೆ ಬಿಡು."

ಟೊಮೆಟೊ

ಅಪ್ಪನನ್ನು ನೋಡಲು ಬಂದಿದ್ದ ರಾಯಲ್ಪಾಡಿನ ರೈತರೊಬ್ಬರು ಇದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು.

"ಕೆಂಪು ಮಾಡೋದಾ? ಭಲೇ ಅಮ್ಮಾ! ಸೋಮವಾರ ಮಾರ್ಕೆಟ್ಟಿಗೆ ಹಾಕ್ಬೇಕು, ನಮ್ ಟೊಮೆಟೊ ಇನ್ನೂ ಹಸಿರಾಗೇ ಅವೆ. ಒಂದೆರಡು ಲೀಟ್ರು ಕೊಡಮ್ಮಾ."

"ಅಯ್ಯೋ, ಅದು ಮೀನಿನೊಳಗೆ ಇರೋದು!"

ಅವರ ಮುಖ ಬಾಡಿಹೋಯಿತು. "ಮೀನಿನ ಗೊಬ್ಬರ ಆಗ್ಲೇ ಹಾಕಿದೀನಲ್ಲಮ್ಮಾ."

ಎಸ್‌ಟಿಡಿ ಬೂತ್

ಜೀನು ಕೆಟ್ಟು ರಕ್ತ ಬಿಳಿಚಿಕೊಂಡ ಮೀನುಗಳಿಗೆ ಪರದೇಶದ ವಿಜ್ಞಾನಿಗಳು ಸಾಲಾಗಿ ಹೆಂಡದ ಹೆಸರುಗಳನ್ನೇ ಇಟ್ಟಿದ್ದರು. ಅದರಲ್ಲಿ ಒಂದು ಜಾತಿಯ ಹೆಸರನ್ನು ಕನ್ನಡಕ್ಕೆ ತಂದರೆ ಕಳ್ಳಭಟ್ಟಿ. ಲ್ಯಾಬಿನಲ್ಲಿ ನಾವು ಹಾಗೇ ಕರೆಯುತ್ತಿದ್ದೆವು. ಹಬ್ಬಕ್ಕೆ ಊರಿಗೆ ಬಂದವಳು ಬಸ್‌ಸ್ಟ್ಯಾಂಡ್ ಹತ್ತಿರದ ಬೂತಿನಿಂದ ಲ್ಯಾಬಿನ ಗೆಳತಿಗೆ ಫೋನ್ ಮಾಡಿದೆ. ಲೈನು ಸರಿಯಿರಲಿಲ್ಲ, ಕಿರುಚಲೇಬೇಕಾಯಿತು.

"ಕಳ್ಳಭಟ್ಟಿ ಹೇಗಿದೆಯೇ? ಬಣ್ಣ ಬರ್ಲಿಲ್ವಾ? ಒಳ್ಳೇದಾಯ್ತು! ನಾನು ಬರೋವರೆಗೂ ಚೆಲ್ಬೇಡ ಕಣೇ!"

ಹೊರಗೆ ಬಂದೆ. ಬೂತಿನವರು ಚಿಲ್ಲರೆ ಕೊಡುತ್ತಾ ಮೆಲ್ಲಗೆ ಬಗ್ಗಿದರು.

"ಅಯ್ಯನೋರಿಗೆ ನಾನು ಹೇಳಲ್ಲ ಬಿಡಮ್ಮಾ. ಬರೋ ಸಲ ನಮ್ಗೂ ಒಂದು ಬಾಟ್ಲಿ."

ಹೆಣ್ಣು ನೋಡುವ ಶಾಸ್ತ್ರ

ಕೋಲಾರದಿಂದ ಗಂಡಿನ ಕಡೆಯವರು ಬರುವವರಿದ್ದರು. ಒಳ್ಳೆಯ ಸಂಬಂಧ, ಅಪ್ಪನಿಗೆ ಬಹಳ ಆಸೆ. ಹುಡುಗನ ಫೋಟೊ ನೋಡಿದ್ದ ನನಗೂ, ಸುಳ್ಳೇಕೆ, ಇತ್ತು. "ಮೀನು ಅನ್ನೋ ಮಾತು ಬಾಯಿಂದ ಬರಕೂಡದು," ಅಂತ ಅಪ್ಪ ಬೆಳಗಿನಿಂದ ಹೇಳಿದ್ದೇ ಹೇಳಿದ್ದು.

ಉಪ್ಪಿಟ್ಟು, ಕೇಸರಿಬಾತು ಮುಗಿಯಿತು. ಹುಡುಗನ ತಾಯಿ ಕೇಳಿದರು, "ಏನಮ್ಮಾ ಓದ್ತಿರೋದು?"

"ರಕ್ತ."

ಅವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಯಾರದು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೆವೆತು ಹೋಗಿದ್ದರು. ಶಲ್ಯದಲ್ಲಿ ಮುಖ ಒರೆಸಿಕೊಂಡು ಮಂತ್ರ ಹೇಳುವ ದನಿಯಲ್ಲಿ ಅಂದರು, "ಮಹಾವಿಷ್ಣುವಿನ ಮೊದಲನೇ ಅವತಾರದ್ದು."

ಹುಡುಗನ ತಂದೆ ಕೈ ಮುಗಿದರು. ಹುಡುಗ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲಾಡುತ್ತಿದ್ದ. ಅವನ ತಾಯಿ ಮಾತ್ರ ನಗಲಿಲ್ಲ. ಬೆರಳು ಮಡಿಸಿ ಮನಸ್ಸಿನಲ್ಲೇ ಏನೋ ಎಣಿಸಿಕೊಂಡರು.

"ಹುಡುಗಿ ನಮಗೆ ಒಪ್ಪಿಗೆ. ಮದುವೆ ಆದ್ಮೇಲೂ ಓದ್ಲಿ, ಎರಡನೇ ಅವತಾರ ಬೇಕಾದ್ರೂ ಮಾಡ್ಲಿ. ಅಲ್ಲಿಗೆ ನಿಲ್ಲಿಸಿಬಿಡ್ಲಿ. ಮೂರನೇದು ವರಾಹ, ಅದು ನಮ್ಮನೆ ಮಡಿಗೆ ಆಗಲ್ಲ."