ಚಿಕ್ಕಿ ಮಗುಚಿದ ಬುಟ್ಟಿಗಳು

ನಮ್ಮ ಚಿಕ್ಕಿಯನ್ನು ಊಟಕ್ಕೆ ಕರೆಯುವುದಾದರೆ ಮೊದಲು ಮನೆಯ ಬುಟ್ಟಿಗಳನ್ನೆಲ್ಲ ಅಡಗಿಸಿಡಿ! ಅಮ್ಮನ ತಂಗಿಯಾದ ಈಕೆ ಕುಶಲ ಕೇಳುವ ಮೊದಲೇ ಬುಟ್ಟಿ ಮಗುಚಿ ತಳ, ಅಂಚು ನೋಡುತ್ತಾಳೆ. ಒಳಗೆ ತೊಳೆದ ಅಕ್ಕಿ ಇದ್ದರೆ? ಅದು ಅಕ್ಕಿಯ ಹಣೆಬರಹ. ತೆಕ್ಕಟ್ಟೆಯ ಒಂದು ಮದುವೆಯಲ್ಲಿ ಹೆಚ್ಚಿಟ್ಟ ಸೌತೆಕಾಯಿಯೆಲ್ಲ ಅಡುಗೆಭಟ್ಟರ ಕಾಲ ಮೇಲೆ! "ಆ ಹೆಂಗ್ಸ್ ಬಪ್ಪುದಾರೆ ನಾ ಬತ್ತಿಲ್ಲೆ" ಎಂದು ಅವರು ಈಗಲೂ ಷರತ್ತು ಹಾಕುತ್ತಾರೆ.

ಚಿಕ್ಕಿಯ ಉದ್ಯೋಗವೇ ಅದು. ಆದಿವಾಸಿಗಳ ಕಲೆಯನ್ನು ಆರಿಸಿ ತಂದು ದೊಡ್ಡ ಊರುಗಳಲ್ಲಿ ಪ್ರದರ್ಶನ ಏರ್ಪಡಿಸುವ ಕ್ಯುರೇಟರ್ ಅವಳು. ಇದನ್ನು ಕುಂಭಾಶಿಯ ನೆಂಟರಿಗೆ ವಿವರಿಸುವುದು ಹೇಗೆ? ಅಮ್ಮ ಸುಲಭ ಮಾಡಿದ್ದಾಳೆ: "ಎಂತ ಇಲ್ಲ, ಗೋಡಿಗ್ ಮೊಳಿ ಹೊಡುದ್. ಆರೆ ವಿಮಾನದಗ್ ಹೋಯಿ ಹೊಡಿತ್ಳ್!"

ಒಮ್ಮೆ ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ, ಮೀನು ಮಾರುವ ಹೆಂಗಸಿನ ಮುಂದಿದ್ದ ಹಳೆಯ ಬುಟ್ಟಿ ಇವಳ ಕಣ್ಣಿಗೆ ಬಿತ್ತು. ಕೊರಗ ಆದಿವಾಸಿಗಳು ಹೆಣೆದ ಕಾಡುಬಳ್ಳಿಯ ಬುಟ್ಟಿ.

"ಹ್ವಾಯ್, ಬಂಗ್ಡಿ ಬ್ಯಾಡ್ದಾ? ಬರೀ ಬುಟ್ಟಿ ತಕಂಡ್ ಎಂತ ಮಾಡ್ತ್ರಿ?" ಮೀನಿನವಳು ಕೂಗಿದಳು.

"ಇದ್ ಹೆಣ್ದದ್ ಯಾರ್?" ಎಂದಳು ಚಿಕ್ಕಿ.

"ಬುಟ್ಟಿಯೋಳ್. ಹೆಸ್ರ್ ಯಾರಿಗ್ ಗೊತ್ತ್?"

ಮೀನು ನಾರುವ ಆ ಬುಟ್ಟಿ ಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ಸೀಟು ಚಿಕ್ಕಿಯೊಬ್ಬಳಿಗೇ ಸಿಕ್ಕಿತು!

ಆ ಬುಟ್ಟಿ ದೂರದ ಒಂದು ದೊಡ್ಡ ಗ್ಯಾಲರಿಗೆ ಹೋಯಿತು. ಅಲ್ಲಿಯವರು ಕೆಳಗಿನ ಫಲಕದಲ್ಲಿ 'ಅಜ್ಞಾತ ಕಲಾವಿದೆ' ಎಂದು ಹಾಕಲು ಹೊರಟರು. ಚಿಕ್ಕಿ ಒಪ್ಪಲಿಲ್ಲ, ಫಲಕ ಖಾಲಿ ಇರಲಿ, ಹುಡುಕುತ್ತೇನೆ ಎಂದಳು. ಜಗಳವಾಗಿ, ಕೆಲಸ ಬಿಟ್ಟು, ಬುಟ್ಟಿಯೊಂದಿಗೆ ಊರಿಗೆ ಬಂದಳು.

"ಒಂದ್ ಹೆಸ್ರ್ ಸುಳ್ಳ್ ಹೇಳಿರೆ ಎಂತ ಆತಿತ್ತೇ?" ಅಮ್ಮ ತಲೆ ಚಚ್ಚಿಕೊಂಡಳು.

"ಅಜ್ಞಾತ ಅಂದ್ರೆ ಅವ್ಳಿಗ್ ಹೆಸ್ರಿಲ್ಲ ಅಂತಲ್ಲ ಅಕ್ಕ. ನಾವ್ ಕೇಳ್ಲಿಲ್ಲ ಅಂದೇಳಿ."

ಬೈಂದೂರು, ಬ್ರಹ್ಮಾವರ ಎಂದು ಅಲೆದದ್ದೇ ಅಲೆದದ್ದು. ಹೆಸರು ಸಿಗಲಿಲ್ಲ. ಕೊನೆಗೆ ಕುಂದಾಪುರದಲ್ಲೇ ಒಂದು ಸಭಾಂಗಣ ಹಿಡಿದು ಪ್ರದರ್ಶನ ಇಟ್ಟಳು. ಸುತ್ತಲ ಊರುಗಳ ಬುಟ್ಟಿ ಹೆಣೆಯುವವರನ್ನೆಲ್ಲ ಕರೆದಳು.

ಕೊಕ್ಕರ್ಣೆಯಿಂದ ಬಂದ ಹೆಂಗಸೊಬ್ಬಳು ಆ ಬುಟ್ಟಿಯ ಮುಂದೆ ನಿಂತವಳು ಕದಲಲೇ ಇಲ್ಲ. ಅಂಚಿನ ಮೇಲೆ ಬೆರಳಾಡಿಸಿದಳು.

"ಇದ್ ನಮ್ಮಬ್ಬಿದ್. ಕೊನಿ ಬಳ್ಳಿ ಹೀಂಗ್ ಒಳ್ಗ್ ಮಡಚೂದ್ ಅವ್ಳೊಬ್ಳೇ. ಹೊರುವರ್ ಕೈಗೆ ಚುಚ್ಚುಕಾಗ್ದ್ ಅಂದೇಳಿ."

ಅಬ್ಬಿ, ಎಂದರೆ ಅವಳ ತಾಯಿ, ತೀರಿಹೋಗಿ ವರ್ಷಗಳಾಗಿದ್ದವು.

"ಹೆಸ್ರೆಂತ?" ಎಂದಳು ಚಿಕ್ಕಿ.

"ಲಚ್ಚು."

ಚಿಕ್ಕಿ ನೇರವಾಗಿ ಮೈಕಿನ ಬಳಿ ಹೋಗಿ, "ಈ ಬುಟ್ಟಿ ಹೆಣೆದವರು ಲಚ್ಚು" ಎಂದಳು.

ಲಚ್ಚುವಿನ ಮಗಳು ಕಣ್ಣೊರೆಸಿಕೊಂಡು ಚಿಕ್ಕಿಗೆ ಅಂದಳು: "ಅವ್ಳನ್ ಎಲ್ರೂ 'ಹ್ವಾಯ್' ಅಂದೇ ಕರ್ದದ್. ಇನ್ನೊಂದ್ ಸಲ ಹೇಳಿ."

ಚಿಕ್ಕಿ ಇನ್ನೊಂದು ಸಲ ಹೇಳಿದಳು. ಆಮೇಲೆ ಬುಟ್ಟಿಯ ಕೆಳಗಿನ ಖಾಲಿ ಫಲಕದಲ್ಲಿ ಆ ಹೆಸರು ಬರೆದಳು.